ಹನ್ನೆರಡು ಜನ, ಒಂದು ಮೂಗು

ಕೋರ್ಟಿನ ಎದುರಿನ ವಸತಿಗೃಹ
1931, ಫೆಬ್ರವರಿ 15, ಭಾನುವಾರ

ಶಿನೊ,

ರೈಲು ಸರಿಯಾದ ಹೊತ್ತಿಗೆ ಬಂತು. ನೀನು ಮಧ್ಯಾಹ್ನಕ್ಕೆಂದು ಕಟ್ಟಿಕೊಟ್ಟ ಅನ್ನದ ಉಂಡೆಗಳು ಎರಡನೇ ನಿಲ್ದಾಣದಲ್ಲೇ ಮುಗಿದವು. ಪಟ್ಟಣದಲ್ಲಿ ಹಿಮ ಕರಗಿ ಬೀದಿಯೆಲ್ಲ ಕೆಸರು. ಮದುವೆಗೆ ಹೊಲಿಸಿದ ನೆರಿಗೆಯ ಹಕಾಮಾ ಉಟ್ಟು ಬಂದದ್ದು ತಪ್ಪಾಯಿತೇನೋ ಅನ್ನಿಸಿತು, ಆದರೆ ಕರೆದಿರುವುದು ಸರಕಾರ. ಪಂಚೆ ಎತ್ತಿ ಕಟ್ಟಿಕೊಂಡು ಹೋಗುವ ಜಾಗವಲ್ಲ.

ಕೋರ್ಟಿನ ಕಾಗದ ಬಂದ ದಿನ ನೀನು, "ಏನ್ ತಪ್ಪು ಮಾಡಿದ್ರಿ?" ಅಂತ ಕೇಳಿದ್ದು ನನಗೆ ಇನ್ನೂ ಚುಚ್ಚುತ್ತಿದೆ. ಕರೆಯುವುದು ತಪ್ಪು ಮಾಡಿದವನನ್ನಲ್ಲ, ತಪ್ಪು ಯಾರದೆಂದು ಹೇಳಬಲ್ಲವನನ್ನು. ಮೂವತ್ತು ದಾಟಿದ, ತೆರಿಗೆ ಕಟ್ಟುವ, ಓದು ಬರಹ ಬಲ್ಲ ಗಂಡಸರ ಪಟ್ಟಿಯಿಂದ ಚೀಟಿ ಎತ್ತಿ ಮೂವತ್ತಾರು ಜನರನ್ನು ಕರೆಸಿದ್ದಾರೆ. ಅವರಲ್ಲಿ ಹನ್ನೆರಡು ಜನ ನಾಳೆ ಜ್ಯೂರಿಗಳಾಗುತ್ತಾರೆ. ನಮ್ಮ ಅಕ್ಕಿ ಅಂಗಡಿಯ ತೆರಿಗೆ ಇಷ್ಟು ದಿನಕ್ಕೆ ಒಂದು ಕೆಲಸಕ್ಕೆ ಬಂತು.

ನನಗೆ ಹೆದರಿಕೆಯಿಲ್ಲ. ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ನಮ್ಮೂರು ಕುರೊಸೆಯ ಮೂಲಂಗಿ ಉಪ್ಪಿನಕಾಯಿ ಸ್ಪರ್ಧೆಗೆ ತೀರ್ಪು ಕೊಟ್ಟವನಿಗೆ ಒಂದು ಕೋರ್ಟು ಯಾವ ಲೆಕ್ಕ? ಒಂದೇ ಬೇಸರ, ಇಲ್ಲಿ ಎರಡನೇ ಬಹುಮಾನ ಕೊಡುವಂತಿಲ್ಲ. ನ್ಯಾಯಾಧೀಶರು ಕೇಳಿದ್ದಕ್ಕೆ ಹೌದು ಇಲ್ಲವೇ ಅಲ್ಲ, ಅಷ್ಟೇ. "ಮುಂದಿನ ವರ್ಷ ಉಪ್ಪು ಸ್ವಲ್ಪ ಕಡಿಮೆ ಮಾಡಿ" ಎಂದು ಬರೆದು ಸಮಾಧಾನ ಹೇಳುವ ಹಾಗೂ ಇಲ್ಲ.

ಈಗ ಮುಖ್ಯ ವಿಷಯ. ಆಯ್ಕೆಯಾದವರನ್ನು ಕೋರ್ಟಿನ ಆವರಣದ ಜ್ಯೂರಿ ನಿವಾಸದಲ್ಲೇ ಇರಿಸುತ್ತಾರೆ. ಹೊರಗೆ ಹೋಗುವಂತಿಲ್ಲ. ಹೋಗುವ ಬರುವ ಪತ್ರಗಳನ್ನು ಗುಮಾಸ್ತರು ಓದುತ್ತಾರಂತೆ. ಬಿಚ್ಚಿ ಬರೆಯುವುದಾದರೆ ಇವತ್ತೇ. ಹನ್ನೊಂದು ವರ್ಷದ ಹಿಂದೆ ಆ ಫ್ಲೂ ಜ್ವರ ಬಂದು ನನ್ನ ಮೂಗಿನ ಶಕ್ತಿಯನ್ನು ಪೂರ್ತಿ ಕಿತ್ತುಕೊಂಡು ಹೋದದ್ದು ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಅಂದಿನಿಂದ ರುಚಿ ನೋಡುತ್ತಿರುವುದು ನೀನು, ಗಡ್ಡ ಸವರಿಕೊಳ್ಳುತ್ತಿರುವುದು ನಾನು. ಉಪ್ಪಿನಕಾಯಿ ಹೋಳುಗಳ ತಟ್ಟೆ ತರುವಾಗ ನೀನು ಚಹಾ ಬಟ್ಟಲನ್ನು ನನ್ನ ಬಲಕ್ಕಿಟ್ಟರೆ ಒಳ್ಳೆಯದು, ಎಡಕ್ಕಿಟ್ಟರೆ ಕೆಟ್ಟದ್ದು. ನಾನು ಎರಡು ಸಲ ಮೂಸಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಪಕ್ಕದವರ ಮುಖ ನೋಡಿ, ಆಮೇಲೆ ತಲೆಯಾಡಿಸುತ್ತೇನೆ. ಅಪ್ಪನ ಮೂಗೇ ಮಗನಿಗೂ ಬಂದಿದೆ ಎಂದು ಜನ ಮೆಚ್ಚುತ್ತಾರೆ.

ಆದ್ದರಿಂದ 22ನೇ ತಾರೀಖಿನ ಸ್ಪರ್ಧೆಯನ್ನು ಮುಂದಕ್ಕೆ ಹಾಕುವಂತೆ ಅಧ್ಯಕ್ಷ ಹತಾನಾಕಾ ಅವರಿಗೆ ಹೇಳು. ನನ್ನ ಜಾಗಕ್ಕೆ ಬೇರೊಬ್ಬ ಬಂದು, ಅವನಿಗೆ ನಿಜವಾದ ಮೂಗು ಇದ್ದುಬಿಟ್ಟರೆ ಗತಿಯೇನು? ಏಳು ವರ್ಷದಿಂದ ಅಧ್ಯಕ್ಷರ ಮನೆಯ ತಟ್ಟೆ ಬಂದಾಗ ರುಚಿ ಹೇಗಿದ್ದರೂ ಬಟ್ಟಲು ಬಲಕ್ಕೇ ಇರಲಿ ಎಂದು ನಾನೇ ಹೇಳಿದ್ದೆನಲ್ಲ, ಅದೂ ಹೊರಬೀಳುತ್ತದೆ. ಊರಿನಲ್ಲಿ ತಲೆಯೆತ್ತಿ ನಡೆಯುವ ಹಾಗಿರುವುದಿಲ್ಲ.

ಕೋರ್ಟಿನಲ್ಲಿ ಸದ್ಯ ಮೂಸುವ ಕೆಲಸವೇನೂ ಇರುವುದಿಲ್ಲ. ಅಷ್ಟು ನೆಮ್ಮದಿ.

ತೊಕುಜೊ

*

ಕುರೊಸೆ
ಫೆಬ್ರವರಿ 17, ಮಂಗಳವಾರ

ಯಜಮಾನರಿಗೆ,

"ಆಯ್ಕೆಯಾದೆ" ಎಂಬ ನಿಮ್ಮ ತಂತಿ ನಿನ್ನೆ ಸಂಜೆ ಬಂತು. ತಂದವನು ಯಾರೋ ತೀರಿಕೊಂಡರೆಂದು ತಿಳಿದು ಟೋಪಿ ತೆಗೆದು ತಲೆ ತಗ್ಗಿಸಿ ನಿಂತಿದ್ದ. ಒಳ್ಳೆಯ ಸುದ್ದಿಯೇ ಎಂದು ಹೇಳಿ ಕಳಿಸಿದೆ.

ಊರಿಗೆಲ್ಲ ಗೊತ್ತಾಗಿದೆ. ಕ್ಷೌರದಂಗಡಿಯಲ್ಲಿ ನೀವು ಆಗಲೇ ನ್ಯಾಯಾಧೀಶರಾಗಿದ್ದೀರಿ. ಊರಿನ ಸಾರ್ವಜನಿಕ ಸ್ನಾನದ ಮನೆಯ ಹೆಂಗಸರು ನಿಮ್ಮನ್ನು ಜೈಲಿಗೇ ಹಾಕಿದ್ದಾರೆ. ಯಾವುದು ನಿಜ ಎಂದು ತಿಳಿಯಲು ಬಂದವರೆಲ್ಲ ಬರಿಗೈಯಲ್ಲಿ ಹೋಗಲು ನಾಚಿಕೊಂಡು ಅಕ್ಕಿ ಕೊಳ್ಳುತ್ತಾರೆ. ಹಾಗಾಗಿ ನಾನು ಎರಡು ಸುದ್ದಿಯನ್ನೂ ಅಲ್ಲಗಳೆಯಲಿಲ್ಲ.

ಅಧ್ಯಕ್ಷರ ಮನೆಗೆ ಹೋಗಿ ಬಂದೆ. "ಮುಂದಕ್ಕೆ ಹಾಕೋಕಾಗಲ್ಲಮ್ಮ, ಮೂಲಂಗಿ ಕೋರ್ಟಿಗೋಸ್ಕರ ಕಾಯುತ್ತಾ?" ಎಂದರು. ಬಿಸಿಲು ಏರಿದರೆ ಉಪ್ಪಿನಕಾಯಿ ಹುಳಿಯಾಗುತ್ತದೆ ಎಂಬುದು ನಿಜವೇ. ನಿಮ್ಮ ಜಾಗಕ್ಕೆ ಒಬ್ಬರನ್ನು ಗೊತ್ತುಮಾಡಿದ್ದಾರೆ. ಯಾರೆಂದು ಈಗ ಕೇಳಬೇಡಿ. ನಿಮಗೆ ಚೆನ್ನಾಗಿ ಪರಿಚಯವಿರುವವರು, ನೀವು ಕೂರುವ ದಿಂಬಿನ ಧೂಳು ಎಷ್ಟೆಂದು ಬಲ್ಲವರು. ಚಿಂತೆ ಬೇಡ.

ಕೋರ್ಟಿನ ಕಾಗದವನ್ನು ನಾನೂ ಇನ್ನೊಂದು ಸಲ ಓದಿದೆ. ಹೆಂಗಸರು ಕಟಕಟೆಯಲ್ಲಿ ನಿಲ್ಲಬಹುದು, ಜ್ಯೂರಿಯಲ್ಲಿ ಕೂರುವಂತಿಲ್ಲ. ನಮ್ಮ ಸ್ಪರ್ಧೆಯ ಹಾಗೆಯೇ ಆಯಿತು. ಮೂಲಂಗಿ ಒಣಗಿಸಿ, ತೌಡು ಬೆರೆಸಿ, ಕಲ್ಲು ಹೇರಿ, ಕೈ ಬಿರುಕು ಬಿಡಿಸಿಕೊಳ್ಳುವವರು ಹೆಂಗಸರು. ಕೊನೆಗೆ ಅದು ಹೇಗಿದೆ ಎಂದು ಹೇಳಲು ಮಾತ್ರ ಗಂಡಸೇ ಬೇಕು.

ಕೇಸು ಏನೆಂದು ಬರೆಯಬಹುದಾದರೆ ಬರೆಯಿರಿ. ಪೇಪರು ಅಧ್ಯಕ್ಷರ ಮನೆಯಿಂದ ನಮಗೆ ಬರುತ್ತಿಲ್ಲ, ಈ ವಾರ ಅದರಲ್ಲಿ ಜಾಡಿ ಒರೆಸುತ್ತಿದ್ದಾರಂತೆ. ಹೊಟ್ಟೆಗೆ ಕಟ್ಟಿಕೊಳ್ಳುವ ಉಣ್ಣೆಯ ಪಟ್ಟಿಯನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಜಂಬಕ್ಕೆ ಬಿದ್ದು ಕಟ್ಟಿಕೊಳ್ಳದೆ ಇರಬೇಡಿ.

ಶಿನೊ

*

ಜ್ಯೂರಿ ನಿವಾಸ
ಫೆಬ್ರವರಿ 18, ಬುಧವಾರ

ಶಿನೊ,

ನಾನು ಜ್ಯೂರಿಗಳ ಮುಖ್ಯಸ್ಥನಾಗಿದ್ದೇನೆ. ಹೇಗಾದೆ ಎಂದು ಹೇಳಿದರೆ ನೀನು ನಗುತ್ತೀಯ, ಆದರೂ ಹೇಳುತ್ತೇನೆ. ಹನ್ನೆರಡು ಜನ ಚಾಪೆಯ ಮೇಲೆ ಸುತ್ತ ಕುಳಿತು, ನೀವಾಗಿ ನೀವಾಗಿ ಎಂದು ಒಬ್ಬರಿಗೊಬ್ಬರು ತಲೆಬಾಗಿಸುತ್ತ ಮುಕ್ಕಾಲು ಗಂಟೆ ಕಳೆದೆವು. ಮುಂದಾಗಿ ಒಪ್ಪಿಕೊಂಡರೆ ಮರ್ಯಾದೆಯಲ್ಲ, ಎದ್ದು ಹೋಗುವಂತೆಯೂ ಇಲ್ಲ. ಅಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದು ಮೈ ಸ್ವಲ್ಪ ಮುಂದಕ್ಕೆ ವಾಲಿತು. ಅದನ್ನೇ ಒಪ್ಪಿಗೆ ಎಂದು ತಿಳಿದು ಹನ್ನೊಂದು ಜನರೂ ಚಪ್ಪಾಳೆ ತಟ್ಟಿಬಿಟ್ಟರು.

ಕೋರ್ಟಿನಲ್ಲಿ ಎಲ್ಲರೆದುರು ನಡೆದದ್ದನ್ನು ಬರೆಯಬಹುದು, ನಮ್ಮ ಮನಸ್ಸಿನಲ್ಲಿರುವುದನ್ನು ಬರೆಯಬಾರದು ಎಂದು ಗುಮಾಸ್ತರು ಹೇಳಿದ್ದಾರೆ. ಕೇಸು ಇಷ್ಟು. ಈ ಪಟ್ಟಣದ ಒಬ್ಬ ಕಾಗದದ ಕೊಡೆ ಮಾಡುವವನ ಉಗ್ರಾಣ ನವೆಂಬರಿನಲ್ಲಿ ಸುಟ್ಟುಹೋಯಿತು. ಅವನ ಮನೆಯ ಕೆಲಸದ ಹೆಂಗಸು ಹಿಸಾ, ಐವತ್ತೆರಡು ವರ್ಷದವಳು, ಯಜಮಾನಿ ಬೈದ ಸಿಟ್ಟಿಗೆ ತನ್ನ ದೀಪದ ಸೀಮೆಎಣ್ಣೆಯಲ್ಲಿ ಚಿಂದಿ ಅದ್ದಿ ಬೆಂಕಿ ಹಚ್ಚಿದಳೆಂದು ಸರಕಾರಿ ವಕೀಲರ ವಾದ. ಅವಳ ವಕೀಲರು, ಅದು ಕೊಡೆಗೆ ಬಳಿಯುವ ಎಣ್ಣೆಯ ಚಿಂದಿ, ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುತ್ತದೆ ಎನ್ನುತ್ತಾರೆ. ಅಲ್ಲಿಗೆ ಎಲ್ಲವೂ ಅರ್ಧ ಸುಟ್ಟು ಉಳಿದ ಒಂದು ಚಿಂದಿಯ ವಾಸನೆಯ ಮೇಲೆ ನಿಂತಿದೆ. ಸೀಮೆಎಣ್ಣೆ ಎಂದಾದರೆ ಅವಳಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಜೈಲು.

ಮೊನ್ನೆ ಎಣ್ಣೆ ವ್ಯಾಪಾರಿ ಕಾತಗಿರಿ ಎಂಬವರು ಸಾಕ್ಷಿಗೆ ಬಂದರು. ನಲವತ್ತು ವರ್ಷ ಎಣ್ಣೆಯಲ್ಲೇ ಇದ್ದವರು, ವರ್ತಕರ ಸಂಘದ ಹಿರಿಯರು. ಚಿಂದಿಯನ್ನು ಎರಡು ಸಲ ಮೂಸಿದರು, ಕಣ್ಣು ಮುಚ್ಚಿದರು, ತಲೆ ಓರೆ ಮಾಡಿದರು, ಸರಕಾರಿ ವಕೀಲರ ಮುಖ ನೋಡಿದರು, ಆಮೇಲೆ ತಲೆಯಾಡಿಸಿ "ಸೀಮೆಎಣ್ಣೆ" ಎಂದರು. ಇದು ನಡೆದದ್ದು, ನನ್ನ ಅಭಿಪ್ರಾಯವಲ್ಲ. ಆ ಮೇಲೆ ಚಿಂದಿಯನ್ನು ನಮಗೂ ಕೊಟ್ಟರು. ಮೂರು ತಿಂಗಳು ಕೋರ್ಟಿನ ಕಪಾಟಿನಲ್ಲಿದ್ದ ವಸ್ತು, ನಮಗೇನು ತಿಳಿಯುತ್ತದೆ ಎಂದು ಒಬ್ಬೊಬ್ಬರೂ ಪಕ್ಕಕ್ಕೆ ದಾಟಿಸಿದರು. ನಮ್ಮಲ್ಲಿ ಒಬ್ಬ ಪೀಪಾಯಿ ಮಾಡುವವನಿಗೆ "ಕುರೊಸೆಯ ಮೂಗು" ಎಂಬ ಹೆಸರು ಗೊತ್ತಿದೆ. ಅವನು ಅದನ್ನು ನೇರ ನನ್ನ ಕೈಗಿಟ್ಟ. ಆಗ ನಾನು (ಇಲ್ಲಿಂದ ಮೂರು ಸಾಲುಗಳಿಗೆ ಮಸಿ ಬಳಿದಿದೆ)

ಇನ್ನೊಂದು ಮಾತು ಕೇಳುತ್ತೇನೆ, ನಮ್ಮ ಸ್ಪರ್ಧೆಯ ವಿಷಯವೆಂದೇ ತಿಳಿದುಕೋ. ಒಬ್ಬ ತೀರ್ಪುಗಾರ ಇದ್ದಾನೆ. ಎದುರಿಗಿಟ್ಟ ವಸ್ತುವಿನ ನಿಜ ಅವನಿಗೆ ಗೊತ್ತಿಲ್ಲ. ಆದರೂ ಎಲ್ಲರೂ ನೋಡುತ್ತಿದ್ದಾರೆಂದು, ಒಬ್ಬ ದೊಡ್ಡ ಮನುಷ್ಯನ ಮಾತು ಮೀರಬಾರದೆಂದು, ಮಾಮೂಲಿನಂತೆ ತಲೆಯಾಡಿಸಿಬಿಟ್ಟ. ಅದರಿಂದ ಒಬ್ಬ ಬಡ ಹೆಂಗಸಿಗೆ ಅನ್ಯಾಯವಾಗುತ್ತಿದೆ. ಈಗ ಬಾಯಿಬಿಟ್ಟರೆ ಅವನ ಮಾನ ಹೋಗುತ್ತದೆ, ಹೆಂಡತಿಯದೂ ಹೋಗುತ್ತದೆ. ಬಿಡದಿದ್ದರೆ ಯಾರಿಗೂ ತಿಳಿಯುವುದೇ ಇಲ್ಲ. ನೀನಾದರೆ ಏನು ಮಾಡುತ್ತೀ?

ಊಟದ ವಿಷಯ ಹೇಳುವಂತಿಲ್ಲ. ನಿನ್ನೆಯ ಮೀನು ನನಗಿಂತ ಹಿರಿಯದು.

ತೊಕುಜೊ

(ಗುಮಾಸ್ತನ ಟಿಪ್ಪಣಿ: ನಿಯಮದ ಪ್ರಕಾರ ಮೂರು ಸಾಲು ಅಳಿಸಿದ್ದೇನೆ, ಕ್ಷಮಿಸಿ. ಮೀನಿನ ಮಾತನ್ನು ಅಳಿಸಿಲ್ಲ, ಅದು ನಿಜ.)

*

ಕುರೊಸೆ
ಫೆಬ್ರವರಿ 19, ಗುರುವಾರ

ಯಜಮಾನರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲನೇ ಸಲ ಕಾಲು ಜೋಮಿಗೆ ನಕ್ಕೆ. ಎರಡನೇ ಸಲ ಕೊನೆಯ ಪ್ರಶ್ನೆಗೆ ಬಂದಾಗ ಒಲೆಯ ಮುಂದೆ ಸುಮ್ಮನೆ ಕುಳಿತುಬಿಟ್ಟೆ.

ಆ ಚಿಂದಿ ಕೈಗೆ ಬಂದಾಗ ನೀವು ಏನು ಮಾಡಿದಿರಿ ಎಂಬುದಕ್ಕೆ ಮಸಿ ಬಳಿದಿದ್ದಾರೆ. ಬಳಿದರೇನು, ನನಗೆ ಗೊತ್ತು. ಪಕ್ಕದವರಿಗೆ ದಾಟಿಸಿರುತ್ತೀರಿ. ಬೇಡದ್ದನ್ನು ಪಕ್ಕಕ್ಕೆ ದಾಟಿಸುವುದರಲ್ಲಿ ನಿಮ್ಮಷ್ಟು ಜಾಣರು ಈ ಜಿಲ್ಲೆಯಲ್ಲಿಲ್ಲ. ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ಆದರೆ ಸ್ಪರ್ಧೆಯ ಬಗ್ಗೆ ನೀವು ಬರೆದದ್ದು! ಇಷ್ಟು ವರ್ಷ ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನೀವಾಗಿಯೇ ಅದನ್ನು ಎತ್ತುತ್ತೀರಿ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಿಸಿ ತುಪ್ಪದ ಹಾಗೆ ನುಂಗಲೂ ಆಗದೆ ಉಗುಳಲೂ ಆಗದೆ ಏಳು ವರ್ಷ ಕಳೆದಿದ್ದೇನೆ. ಆ ಹೆಂಗಸು ಎದುರಿಗೆ ಬಂದು ನಮಸ್ಕಾರ ಹೇಳಿದರೆ ನನಗೆ ಆ ದಿನ ಅನ್ನ ಸೇರುವುದಿಲ್ಲ. ದೊಡ್ಡ ಮನುಷ್ಯನ ಮಾತು ಮೀರಬಾರದಂತೆ. ದೊಡ್ಡ ಮನುಷ್ಯನ ನಾಲಿಗೆ ಏನು ಚಿನ್ನದ್ದೇ?

ನಾನಾದರೆ ಏನು ಮಾಡುತ್ತೇನೆ ಎಂದು ಕೇಳಿದಿರಿ. ಎಲ್ಲರೆದುರು ಎದ್ದು ನಿಂತು ಹೇಳುತ್ತೇನೆ. ಮಾನ ಹೋದರೆ ಹೋಗಲಿ. ಸುಳ್ಳಿನ ಮೇಲೆ ಕೂತ ಮಾನ ಎಷ್ಟು ದಿನ ಕೂತಿರುತ್ತದೆ? ನನ್ನ ಮಾನದ ಬಗ್ಗೆ ನೀವು ಒಂದು ಚೂರೂ ಯೋಚಿಸಬೇಡಿ. ನಾನು ಗಟ್ಟಿಯಾಗಿದ್ದೇನೆ. ನೀವು ಈ ಪ್ರಶ್ನೆ ಕೇಳಿದ್ದೇ ನನಗೆ ಸಾಕು. ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ನಿಮ್ಮ ಬಗ್ಗೆ ಇಷ್ಟು ಹೆಮ್ಮೆ ನನಗೆ ಎರಡು ಮೂರು ಸಲ ಆಗಿರಬಹುದು.

ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರಾ?

ಶಿನೊ

*

ಜ್ಯೂರಿ ನಿವಾಸ
ಫೆಬ್ರವರಿ 20, ಶುಕ್ರವಾರ

ಶಿನೊ,

ನಿನ್ನ ಪತ್ರ ಮಧ್ಯಾಹ್ನ ಬಂತು. ಗುಮಾಸ್ತರು ಒಂದು ಅಕ್ಷರಕ್ಕೂ ಮಸಿ ಬಳಿದಿಲ್ಲ. ಕೊಡುವಾಗ "ನಿಮ್ಮ ಮನೆಯವರು ಭಾರಿ ಗಟ್ಟಿಗರು" ಎಂದರು.

ನೀನು ಬೈದು ಬರೆಯುತ್ತೀಯ, ಬಾಯಿ ಮುಚ್ಚಿಕೊಂಡು ಬನ್ನಿ ಎನ್ನುತ್ತೀಯ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹಾಗೆ ಬರೆಯಲಿ ಎಂದೇ ಕಾಯುತ್ತಿದ್ದೆ. ಈಗ ಆ ದಾರಿಯೂ ಮುಚ್ಚಿತು.

ನಾಳೆ ಶನಿವಾರ ಕಾತಗಿರಿ ಅವರನ್ನು ಇನ್ನೊಮ್ಮೆ ಕರೆಯುತ್ತಾರೆ. ನ್ಯಾಯಾಧೀಶರ ಅಪ್ಪಣೆ ಪಡೆದು ಜ್ಯೂರಿಗಳೂ ಸಾಕ್ಷಿಯನ್ನು ಪ್ರಶ್ನೆ ಕೇಳಬಹುದು. ನಾನು ಕೇಳುತ್ತೇನೆ. ಭಾನುವಾರದ ಪೇಪರು ಬಂದ ಮೇಲೆ ಒಂದೆರಡು ದಿನ ನೀನು ಸ್ನಾನದ ಮನೆಗೆ ಹೋಗದಿರುವುದು ಒಳ್ಳೆಯದು. ಅಪ್ಪನ ಭಾವಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಡು.

ಸ್ಪರ್ಧೆಯಲ್ಲಿ ನನ್ನ ಜಾಗಕ್ಕೆ ಬಂದವನು ಯಾರಾದರೂ ಆಗಲಿ, ಅವನಿಗೆ ಒಳ್ಳೆಯದಾಗಲಿ. ಆ ದಿಂಬಿನ ಮೇಲೆ ನಾನು ಇನ್ನು ಕೂರುವುದಿಲ್ಲ.

ಪಟ್ಟಿ ಕಟ್ಟಿಕೊಂಡಿದ್ದೇನೆ.

ತೊಕುಜೊ

*

ಕುರೊಸೆ
ಫೆಬ್ರವರಿ 22, ಭಾನುವಾರ ಸಂಜೆ

ಯಜಮಾನರಿಗೆ,

ಎಲ್ಲಿಂದ ಶುರುಮಾಡಲಿ? ನಿಮ್ಮ ಶುಕ್ರವಾರದ ಪತ್ರ ಇವತ್ತು ಬೆಳಿಗ್ಗೆ, ನಾನು ಸ್ಪರ್ಧೆಗೆ ಹೊರಡುವಾಗ ಬಂತು. ಸ್ನಾನದ ಮನೆ, ಭಾವಚಿತ್ರ, ಪೇಪರು, ಒಂದೂ ಅರ್ಥವಾಗಲಿಲ್ಲ. ಪಟ್ಟಣದ ಊಟ ತಲೆಗೇರಿದೆ ಎಂದುಕೊಂಡು ಸೊಂಟಕ್ಕೆ ಸಿಕ್ಕಿಸಿ ಹೊರಟೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಿಮ್ಮ ಜಾಗಕ್ಕೆ ಗೊತ್ತಾಗಿದ್ದದ್ದು ನಾನೇ. "ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಚಹಾ ಕೊಟ್ಟಿದೀಯ, ನೋಡಿ ನೋಡಿ ಸ್ವಲ್ಪ ಕಲ್ತಿರ್ತೀಯ. ಯಜಮಾನ್ರ ಹೆಸರಲ್ಲಿ ಕೂತ್ಕೊ" ಎಂದು ಅಧ್ಯಕ್ಷರು ಹೇಳಿದಾಗ ನಾನು ತಲೆ ತಗ್ಗಿಸಿ ನಗು ತಡೆದುಕೊಂಡೆ. ನಿಮಗೆ ಹೇಳಿದರೆ ಬೇಡ ಎನ್ನುತ್ತೀರೆಂದು ಮುಚ್ಚಿಟ್ಟೆ.

ಶಾಲೆಯ ಹಜಾರದಲ್ಲಿ ನಲವತ್ತೊಂದು ತಟ್ಟೆ. ನಿಮ್ಮ ದಿಂಬಿನ ಮೇಲೆ ಕೂತು ಒಂದೊಂದೂ ತಿಂದೆ. ಮೂಸುವ ನಾಟಕ ಮಾಡಲಿಲ್ಲ. ಇಪ್ಪತ್ತಾರನೇ ತಟ್ಟೆ ಅಧ್ಯಕ್ಷರ ಮನೆಯದು. ಬಿಸಿಲಿಗೆ ಸರಿಯಾಗಿ ಒಣಗಿಸದೆ ಹಳದಿ ಕಾಯಿಯ ಬಣ್ಣ ಹಾಕಿದ್ದರು, ನಿಯಮದ ಪ್ರಕಾರ ಅದು ಸ್ಪರ್ಧೆಗೇ ಸೇರುವಂತಿಲ್ಲ. ಏಳು ವರ್ಷವೂ ಹಾಗೇ ಇತ್ತು. ನಿಮ್ಮ ಪತ್ರದಲ್ಲಿದ್ದ ಆ ದೊಡ್ಡ ಮನುಷ್ಯ ಅಧ್ಯಕ್ಷರು, ಅನ್ಯಾಯವಾದ ಬಡ ಹೆಂಗಸು ಏಳು ವರ್ಷದಿಂದ ಎರಡನೇ ಬಹುಮಾನ ಹಿಡಿದು ಮನೆಗೆ ಹೋಗುತ್ತಿರುವ ದೋಣಿಯವನ ತಾಯಿ ಒತಾಕಿ ಎಂದು ನಾನು ತಿಳಿದಿದ್ದೆ. ಎದ್ದು ನಿಂತು ಹೇಳಿಯೇಬಿಟ್ಟೆ. ಇಪ್ಪತ್ತಾರಕ್ಕೆ ಬಣ್ಣ ಹಾಕಿದೆ, ಅದು ಹೊರಗೆ. ಮೊದಲ ಬಹುಮಾನ ಒತಾಕಿಗೆ.

ಅಧ್ಯಕ್ಷರ ಮುಖ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣಿನ ಬಣ್ಣಕ್ಕೆ ತಿರುಗಿತು. ಆಗಲೇ ಅವರ ಕೈಗೆ ಪೇಪರು ಬಂತು. ಕಣ್ಣಾಡಿಸಿದವರು ನನ್ನತ್ತ ನೋಡಿ ನಕ್ಕರು. ನನ್ನ ಬಾಯಿ ಮುಚ್ಚಿಸಲು ದಾರಿ ಸಿಕ್ಕಿತು ಎಂದು ಗಟ್ಟಿಯಾಗಿ ಓದತೊಡಗಿದರು. ಹಾಗೆ, ಯಜಮಾನರೇ, ನೀವು ಏನು ಮಾಡಿದಿರಿ ಎಂದು ಇಡೀ ಊರಿನ ಜೊತೆಗೆ ನಾನೂ ಕೇಳಿಸಿಕೊಂಡೆ.

ಜ್ಯೂರಿಗಳ ಮುಖ್ಯಸ್ಥ ಎದ್ದು ನಿಂತನಂತೆ. ಸಾಕ್ಷಿಯ ಕಣ್ಣು ಕಟ್ಟಿ ಮೂಸಿಸಿ ನೋಡಬೇಕು ಎಂದನಂತೆ. ನಲವತ್ತು ವರ್ಷದ ಅನುಭವಿಯನ್ನು ಏಕೆ ಅನುಮಾನಿಸುತ್ತೀರಿ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ, "ನಾನೂ ಹೀಗೇ ಮೂಸ್ತೀನಿ, ಬುದ್ಧಿ. ಎರಡು ಸಲ ಮೂಸಿ, ಕಣ್ಣು ಮುಚ್ಚಿ, ಪಕ್ಕದೋರ ಮುಖ ನೋಡಿ ತಲೆಯಾಡಿಸ್ತೀನಿ. ಹನ್ನೊಂದು ವರ್ಷದಿಂದ ನನಗೆ ಯಾವ ವಾಸನೇನೂ ಬರಲ್ಲ" ಎಂದನಂತೆ. ಊರಿನ ಹೆಸರು, ನಿಮ್ಮ ಹೆಸರು, ಉಪ್ಪಿನಕಾಯಿ ಸ್ಪರ್ಧೆ, ಎಲ್ಲವೂ ಅಚ್ಚಾಗಿದೆ. ಆಮೇಲೆ ಗುಮಾಸ್ತರು ಜ್ಯೂರಿಗಳ ಅಡುಗೆಮನೆಯಿಂದ ಹಳೆಯ ಮೂಲಂಗಿ ಉಪ್ಪಿನಕಾಯಿಯ ನೀರಿನಲ್ಲಿ ಬಟ್ಟೆ ಅದ್ದಿ ತಂದರಂತೆ. ಕೊನೆಯ ಸಾಲಿನಲ್ಲಿ ಕೂತ ಜನ ಕೂಡ ಮೂಗು ಮುಚ್ಚಿಕೊಂಡರಂತೆ. ಕಣ್ಣು ಕಟ್ಟಿದ ಎಣ್ಣೆ ವ್ಯಾಪಾರಿ ಮಾತ್ರ ಎರಡು ಸಲ ಮೂಸಿ, "ಸೀಮೆಎಣ್ಣೆ, ಒಳ್ಳೇ ದರ್ಜೇದು" ಎಂದರಂತೆ.

ಅಲ್ಲಿಯವರೆಗೆ ಓದಿದ ಮೇಲೆ ಅಧ್ಯಕ್ಷರಿಗೆ ಮುಂದಕ್ಕೆ ಓದಲಾಗಲಿಲ್ಲ, ಹಜಾರದಲ್ಲಿ ಅಷ್ಟು ನಗು. ಅವರು ಪೇಪರು ಮಡಚಿ, ಹಾಗಾದರೆ ಹನ್ನೊಂದು ವರ್ಷದ ತೀರ್ಪೆಲ್ಲ ಮೋಸ, ಬಹುಮಾನಗಳನ್ನೆಲ್ಲ ವಾಪಸು ತರಬೇಕು ಎಂದರು. ಆಗ ಒತಾಕಿ ಎದ್ದು, "ಮೂಗಿಲ್ದೋರು ರುಚಿ ನೋಡೋಕಾಗಲ್ಲ, ಸರಿ. ಹಾಗಾದ್ರೆ ನೋಡಿದ್ದು ಯಾರು?" ಎಂದಳು. ನಲವತ್ತು ಹೆಂಗಸರ ತಲೆ ಒಟ್ಟಿಗೆ ನನ್ನ ಕಡೆ ತಿರುಗಿತು. ನಾನು ನೋಡಿದೆ ಎಂದೆ. ಅದರಲ್ಲಿ ಏಳು ವರ್ಷ ಮೊದಲ ಬಹುಮಾನದ ವಿಷಯದಲ್ಲಿ ಸುಳ್ಳು ಹೇಳಿದ್ದೇನೆ ಎಂದೂ ಹೇಳಿದೆ. ಒತಾಕಿಗೆ ತಲೆಬಾಗಿ ಕ್ಷಮೆ ಕೇಳಿದೆ.

ನಮ್ಮನ್ನು ಉಳಿಸಿದ್ದು ಯಾರು ಗೊತ್ತೇ? ಅಧ್ಯಕ್ಷರ ಹೆಂಡತಿ. "ನಂಗೆ ಏಳು ವರ್ಷದಿಂದ್ಲೂ ಅನುಮಾನ ಇತ್ತು. ನಮ್ಮನೇಲಿ ಆ ಉಪ್ಪಿನಕಾಯಿ ಯಾರೂ ಮುಟ್ಟಲ್ಲ" ಎಂದರು.

ಈಗ ನಿಜ ಹೇಳುತ್ತೇನೆ. ನೀವು ಬರೆದದ್ದು ಆ ಚಿಂದಿಯ ವಿಷಯ, ನಿಮ್ಮ ಮೂಗಿನ ವಿಷಯ ಎಂದು ಗೊತ್ತಿದ್ದರೆ ನಾನು ಅಂಥ ಪತ್ರ ಬರೆಯುತ್ತಲೇ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತು ಬನ್ನಿ ಎಂದೇ ಬರೆಯುತ್ತಿದ್ದೆ. ನನ್ನ ಧೈರ್ಯವೆಲ್ಲ ಮೂಲಂಗಿಗೆ ಸಂಬಂಧಪಟ್ಟದ್ದು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆ ಹಿಸಾ ಎಂಬವಳ ಗತಿ ಏನಾಯಿತು ಎಂದು ಕೂಡಲೇ ತಿಳಿಸಿ. ಇವತ್ತು ಸ್ನಾನದ ಮನೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಹೌದು, ಹೋಗಿದ್ದೆ.

ಶಿನೊ

*

ಕೋರ್ಟಿನ ಎದುರಿನ ವಸತಿಗೃಹ
ಫೆಬ್ರವರಿ 23, ಸೋಮವಾರ

ಶಿನೊ,

ಇನ್ನು ಮಸಿಯ ಭಯವಿಲ್ಲ. ಆದರೂ ಬಾಗಿಲು ಹಾಕಿಕೊಂಡ ಮೇಲೆ ನಾವು ಹನ್ನೆರಡು ಜನ ಏನು ಮಾತಾಡಿದೆವು ಎಂದು ಸಾಯುವವರೆಗೂ ಹೇಳುವಂತಿಲ್ಲ. ಹೇಳಬಹುದಾದದ್ದು ಇಷ್ಟು. "ಬೆಂಕಿ ಹಚ್ಚಿದ್ದು ಈ ಹೆಂಗಸೇ?" ಎಂಬ ಪ್ರಶ್ನೆಗೆ ನಮ್ಮ ಉತ್ತರ ಓದಿದವನು ನಾನು. ಅಲ್ಲ. ನಮ್ಮ ಉತ್ತರ ನ್ಯಾಯಾಧೀಶರಿಗೆ ಹಿಡಿಸದಿದ್ದರೆ ಅದನ್ನು ಬದಿಗಿಟ್ಟು ಬೇರೆ ಹನ್ನೆರಡು ಜನರನ್ನು ಕರೆಸುವ ಅಧಿಕಾರ ಅವರಿಗಿದೆ. ಮೂವರು ನ್ಯಾಯಾಧೀಶರೂ ಒಳಗೆ ಹೋಗಿ ಎರಡು ಗಂಟೆ ಹೊರಗೆ ಬರಲಿಲ್ಲ. ಪೀಪಾಯಿಯವನು ಅಷ್ಟು ಹೊತ್ತೂ ನನ್ನ ತೋಳು ಹಿಡಿದುಕೊಂಡಿದ್ದ. ಕೊನೆಗೆ ಒಪ್ಪಿಕೊಂಡರು. ಅವಳಿಗೆ ಬಿಡುಗಡೆಯಾಯಿತು.

ನಿನ್ನ ಪತ್ರವನ್ನು ಅದಾದ ಮೇಲೆ ಓದಿದೆ. ನಾನು ನಿನ್ನ ಧೈರ್ಯದ ಮೇಲೆ ನಿಂತಿದ್ದೆ, ನೀನು ನನ್ನ ಧೈರ್ಯದ ಮೇಲೆ ನಿಂತಿದ್ದೆ. ಇಬ್ಬರ ಕಾಲ ಕೆಳಗೂ ನೆಲವಿರಲಿಲ್ಲ. ಇದನ್ನು ಗುಮಾಸ್ತರಿಗೆ ಹೇಳಿದೆ. ಅವರು, "ಪತ್ರ ಓದ್ತಾ ಓದ್ತಾ ನಂಗೆ ಆಗ್ಲೇ ಗೊತ್ತಾಗಿತ್ತು. ಆದ್ರೆ ತಿದ್ದಿ ಹೇಳೋ ಅಧಿಕಾರ ನಂಗಿಲ್ಲ, ಅಳಿಸೋದು ಮಾತ್ರ" ಎಂದರು.

ಆ ಮಸಿಯ ಕೆಳಗೆ ಏನಿತ್ತು ಎಂದು ಈಗ ಹೇಳುತ್ತೇನೆ. ನೀನು ಅಂದುಕೊಂಡ ಹಾಗೆ ನಾನು ಚಿಂದಿಯನ್ನು ಪಕ್ಕಕ್ಕೆ ದಾಟಿಸಲಿಲ್ಲ. ಎಲ್ಲರೂ ನೋಡುತ್ತಿದ್ದರು. ಎರಡು ಸಲ ಮೂಸಿದೆ. ಕಣ್ಣು ಮುಚ್ಚಿದೆ. ಪಕ್ಕದವರ ಮುಖ ನೋಡಿದೆ. ಹೌದು, ಸೀಮೆಎಣ್ಣೆಯೇ ಎನ್ನುವಂತೆ ತಲೆಯಾಡಿಸಿದೆ. ಹನ್ನೊಂದು ಜನರೂ ನನ್ನ ಹಿಂದೆಯೇ ತಲೆಯಾಡಿಸಿದರು. ಆ ರಾತ್ರಿ ಹಾಸಿಗೆಯಲ್ಲಿ ಕಾತಗಿರಿ ಮೂಸಿದ ರೀತಿ ಕಣ್ಣ ಮುಂದೆ ಬಂದಾಗ ಎದ್ದು ಕುಳಿತೆ. ಹಾವಿನ ಹೆಜ್ಜೆ ಹಾವೇ ಬಲ್ಲದು. ಆ ಮನುಷ್ಯನಿಗೆ ಏನೂ ಗೊತ್ತಾಗಿರಲಿಲ್ಲ ಎಂದು ಇಡೀ ಕೋರ್ಟಿನಲ್ಲಿ ತಿಳಿದವನು ನಾನೊಬ್ಬನೇ.

ಇವತ್ತು ಮಧ್ಯಾಹ್ನ ನಾವು ಹಿಂದಿನ ಬಾಗಿಲಿನಿಂದ ಹೊರಟಾಗ ಅವಳು ಅಲ್ಲಿ ನಿಂತಿದ್ದಳು. ಸಣ್ಣ ಮೈ, ಕೈಯಲ್ಲಿ ಒಂದು ಬಟ್ಟೆಗಂಟು. ನಮ್ಮವರು ನನ್ನನ್ನು ಮುಂದಕ್ಕೆ ತಳ್ಳಿದರು. ಪೇಪರಿನವರು ಹೊಗಳಿದ ಮೇಲೆ ನನಗೂ ಸ್ವಲ್ಪ ಎದೆ ಉಬ್ಬಿತ್ತು. ಉಪಕಾರವಾಯಿತು ಎನ್ನುತ್ತಾಳೆ, ಪರವಾಗಿಲ್ಲ ಅನ್ನಬೇಕು ಎಂದು ಮನಸ್ಸಿನಲ್ಲೇ ಸಿದ್ಧವಾಗಿದ್ದೆ. ಅವಳು ಎಲ್ಲರಿಗೂ ಬಾಗಿ ನಮಸ್ಕರಿಸಿ ಆಮೇಲೆ ನನ್ನ ಮುಖ ನೋಡಿದಳು.

"ಮೊದಲ್ನೇ ದಿನ ನೀವು ತಲೆ ಆಡಿಸಿದ್ರಿ," ಎಂದಳು. "ನಾನು ಕಟಕಟೆಯಿಂದ ನೋಡ್ತಿದ್ದೆ."

"ಹೌದು," ಎಂದೆ.

"ಆಮೇಲೆ ಐದು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ."

"ನನಗೂ ಬರ್ಲಿಲ್ಲಮ್ಮ."

ಅವಳು ಬಟ್ಟೆಗಂಟನ್ನು ಇನ್ನೊಂದು ಕೈಗೆ ಬದಲಿಸಿ, "ನಿಮಗೆ ಹಾಸಿಗೆ ಇತ್ತು," ಎಂದಳು.

ಹನ್ನೊಂದು ಜನರೆದುರು, ಆ ಹಿಮದ ಕೆಸರಿನಲ್ಲೇ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದೆ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಕೊನೆಗೆ ಅವಳೇ ಬಗ್ಗಿ ನನ್ನ ತೋಳು ಹಿಡಿದೆತ್ತಿದಳು. "ಏಳಿ, ಏಳಿ. ಮದುವೆ ಬಟ್ಟೆ ಥರ ಇದೆ. ಒಗೆಯೋದು ಮನೇಲಿರೋ ಹೆಂಗಸು ತಾನೆ," ಎಂದಳು.

ನಾಳೆ ಹತ್ತು ಗಂಟೆಯ ರೈಲಿಗೆ ಹೊರಡುತ್ತೇನೆ. ಹಕಾಮಾ ಸೊಂಟದವರೆಗೂ ಕೆಸರಾಗಿದೆ. ನೀನು ಮುಟ್ಟಬೇಡ, ನಾನೇ ಒಗೆಯುತ್ತೇನೆ. ಹೇಗೆ ಒಗೆಯುವುದೆಂದು ಮಾತ್ರ ಹೇಳಿಕೊಡು.

ತೊಕುಜೊ